ಎಂಜಲು ಕಲ್ಲು

“ನೆಕ್ಕಲೇ, ಏನ್ ಮಕ ಮಕ ನೋಡ್ತೀಯ? ನಾಲಿಗೆ ಪೂರ್ತಿ ಚಾಚಿ ಸರ್ಯಾಗಿ ನೆಕ್ಕು. ಮೇಡಮ್ಮೋರಿಗೆ ಬಣ್ಣ ಕಾಣ್ಬೇಕು ಕಣ್ಲಾ!”

ಕಲ್ಲು ಉಜ್ಜುವ ನಮ್ಮ ಶೆಡ್ಡಿನ ಯಜಮಾನ ಅಶ್ವಥ್ ತನ್ನ ಶೂ ತುದಿಯಿಂದ ಕಲ್ಲನ್ನು ನನ್ನ ಮೊಣಕಾಲಿನ ಹತ್ತಿರಕ್ಕೆ ಉರುಳಿಸಿದ. ಆಗಷ್ಟೇ ಲಾರಿಯಿಂದ ಇಳಿದ ಕಲ್ಲು. ಮೈತುಂಬ ಕೆಂಪು ಮಣ್ಣು. ದಾರಿಯಲ್ಲಿ ಯಾವುದೋ ನಾಯಿ ಕಾಲೆತ್ತಿದ ಗುರುತೂ ಇತ್ತು. ನಾನು ಅದನ್ನು ಎತ್ತಿಕೊಂಡು, ಅಂಗಿಯ ಚುಂಗಿನಲ್ಲಿ ಒರೆಸಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತದಲ್ಲಿ ನೆಕ್ಕಿದೆ.

ನನ್ನ ಹೆಸರು ಸೊಣ್ಣಪ್ಪ. ನನ್ನ ನಾಲಿಗೆಯ ವಿಚಾರ ನೀವು ಕೇಳಿಲ್ಲವೆಂದರೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ನೀವು ಒಂದು ಸಲವೂ ರೈಲು ಇಳಿದಿಲ್ಲ ಎಂದೇ ಅರ್ಥ. ಇಲ್ಲಿಂದ ಕುಪ್ಪದವರೆಗೆ ಇಂಥ ನಾಲಿಗೆ ಇನ್ನೊಂದಿಲ್ಲ. ಕಲ್ಲಿನ ಮೇಲೆ ಒಮ್ಮೆ ಆಡಿಸಿದರೆ ಸಾಕು, ಒಳಗಿರುವ ಬಿರುಕು, ಬಣ್ಣ, ಅದು ಹುಟ್ಟಿದ ಬೆಟ್ಟ, ಆ ಬೆಟ್ಟದ ಮೇಲೆ ಮೇಯುತ್ತಿದ್ದ ಮೇಕೆ, ಎಲ್ಲ ಹೇಳಿಬಿಡುತ್ತದೆ. ಗುಲಾಬಿ ಸ್ಫಟಿಕ ಒಣಗಿದ್ದಾಗ ಬೂದಿ ಮೆತ್ತಿದ ಬೆಲ್ಲದುಂಡೆಯ ಹಾಗೆ ಬಿದ್ದಿರುತ್ತದೆ. ಒದ್ದೆಯಾದರೆ ಮಾತ್ರ ಬಣ್ಣ ಬಿಟ್ಟುಕೊಡುವುದು. ತೀರ ತೆಳು ಬಣ್ಣದ್ದಕ್ಕೆ ನಾವು ಈರುಳ್ಳಿ ಸಿಪ್ಪೆ ಅನ್ನುತ್ತೇವೆ. ಅದಕ್ಕಿಂತ ಮೇಲಿನದು ಸೀಬೆಹಣ್ಣಿನ ಹೋಳು. ಎಲ್ಲಕ್ಕಿಂತ ಮೇಲಿನದು, ಲಾರಿಗೆ ಒಂದೋ ಎರಡೋ ಸಿಗುವಂಥದ್ದು, ಕೂಸಿನ ಅಂಗಾಲು. ಈ ಹೆಸರುಗಳನ್ನು ಇಟ್ಟವನು ನಾನೇ. ಬೇರೆ ಯಾರಾದರೂ ತಾವು ಇಟ್ಟೆವೆಂದರೆ ನಂಬಬೇಡಿ.

“ಸೀಬೆಹಣ್ಣು ಸಾರ್” ಎಂದು ಕಲ್ಲನ್ನು ಎತ್ತಿ ಹಿಡಿದೆ.

ಬೆಂಗಳೂರಿನ ಮೇಡಮ್ಮು ಬಿಂದುಶ್ರೀ ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದಳು. ಒಂದಲ್ಲ, ಕಂತೆಗಟ್ಟಲೆ. ಕಲ್ಲನ್ನು ಸತ್ತ ಇಲಿಯ ಬಾಲದ ಹಾಗೆ ಹಿಡಿದುಕೊಂಡಳು.

“ಅಶ್ವಥ್, ಇವರು ಯಾವಾಗಲೂ ಹೀಗೇ ಮಾಡ್ತಾರಾ? ಬಾಯಲ್ಲಿ?”

“ಅಯ್ಯೋ, ಇಲ್ಲ ಮೇಡಂ. ಇವನೊಬ್ಬ. ಕಾಲೋನಿ ಜನ, ಹೇಳಿದ್ರೂ ಬುದ್ಧಿ ಬರಲ್ಲ. ಆಮೇಲೆ ಎಲ್ಲಾ ತೊಳೆದೇ ಕೊಡ್ತೀವಿ.”

ತೊಳೆಯುತ್ತಾನಂತೆ! ಶೆಡ್ಡಿನಲ್ಲಿ ಮುಖ ತೊಳೆಯಲು ಒಂದು ಚೊಂಬು ನೀರಿಲ್ಲ. ಇಲ್ಲಿಂದ ಬೆಂಗಳೂರಿಗೆ ಹೋಗುವ ಗುಲಾಬಿ ಮಣಿಸರ, ಗುಲಾಬಿ ಹೃದಯ, ಗುಲಾಬಿ ದೀಪ, ಹೆಂಗಸರು ಮುಖಕ್ಕೆ ಉಜ್ಜಿಕೊಳ್ಳುವ ಗುಲಾಬಿ ಉರುಳೆ, ಒಂದನ್ನೂ ಬಿಡದೆ ನನ್ನ ನಾಲಿಗೆ ಮುಟ್ಟಿದೆ. ಆ ಪಟ್ಟಣದ ಅರ್ಧದಷ್ಟು ಸಾಹುಕಾರರ ಕೆನ್ನೆಗಳ ಮೇಲೆ ದಿನವೂ ಬೆಳಿಗ್ಗೆ ನನ್ನ ಎಂಜಲು ಉರುಳುತ್ತದೆ. ಮೊಟ್ಟೆಯಾಕಾರದ್ದೂ ಒಂದಿದೆ. ಅದನ್ನು ಎಲ್ಲಿಟ್ಟುಕೊಳ್ಳುತ್ತಾರೆಂದು ಮಣಿಗೆ ತೂತು ಕೊರೆಯುವ ಮೀನಾ ಒಮ್ಮೆ ಕಿವಿಯಲ್ಲಿ ಹೇಳಿದಳು. ಆ ವಾರವೆಲ್ಲ ನಾನು ಅನ್ನ ಮುಟ್ಟಲಿಲ್ಲ. ನನ್ನ ನಾಲಿಗೆಯ ಜಾತಿಯೇ ಕೆಟ್ಟುಹೋಯಿತು.

ನಾಲಿಗೆ ಚಾಚುವ ಈ ಕೆಲಸ ಮೊದಲಿರಲಿಲ್ಲ. ಕಲ್ಲನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ನೋಡುತ್ತಿದ್ದೆವು. ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಈ ಶೆಡ್ಡಿಗೆ ಇರುವುದು ಒಂದೇ ಬೋರ್‌ವೆಲ್, ಅದರಿಂದ ಬರುವುದು ಒಂದೇ ಹಸಿರು ಪೈಪು. ಬಿಂದುಶ್ರೀ ಬಂದು ಅಶ್ವಥ್ ಜೊತೆ ಪಾಲುದಾರಳಾದ ಮೇಲೆ ಶೆಡ್ಡಿನ ಮುಂದುಗಡೆ ಗಾಜಿನ ದೊಡ್ಡ ಹಾಲ್ ಎದ್ದಿತು. ಅದರ ನಡುವೆ ಒಂದು ಕೊಳ. ಕೊಳದ ತಳಕ್ಕೆಲ್ಲ ನಾವು ಉಜ್ಜಿಕೊಟ್ಟ ಗುಲಾಬಿ ಕಲ್ಲು. ಪ್ರೇಮಕುಂಡ ಎಂದು ಹೆಸರು. ಅದರ ನೀರು ಸದಾ ಹರಿಯುತ್ತಿರಬೇಕು, ನಿಂತರೆ ಪಾಚಿ ಕಟ್ಟುತ್ತದೆ, ಪ್ರೇಮ ನಾರುತ್ತದೆ. ಹಾಗಾಗಿ ಹಸಿರು ಪೈಪನ್ನು ನಮ್ಮ ಶೆಡ್ಡಿನಿಂದ ಕಿತ್ತು ಆ ಕಡೆಗೆ ತಿರುಗಿಸಿದರು. ಈ ಕಲ್ಲಿಗೆ ಬಿಸಿಲೂ ಆಗದು, ವರ್ಷಗಟ್ಟಲೆ ಬಿದ್ದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಹಾಲ್‌ಗೆ ದಪ್ಪ ಪರದೆ, ಏಸಿ. ನಮಗೆ ತಲೆಯ ಮೇಲೆ ತಗಡು. ನಮ್ಮ ಬಣ್ಣ ಬಿಳಿಚಿಕೊಳ್ಳುವ ಭಯ ಯಾರಿಗೂ ಇರಲಿಲ್ಲ.

ನಾಲಿಗೆಯದು ಹಾಗಿರಲಿ, ಅದು ಒಣಗಿದರೆ ನಾನು ಸಾಯುವುದಿಲ್ಲ. ಸಾಯುತ್ತಿದ್ದವಳು ನನ್ನ ಅಕ್ಕ ಕದಿರಮ್ಮ.

ಅಕ್ಕ ಕೂರುವುದು ಸಾಣೆ ಚಕ್ರದ ಮುಂದೆ. ಒರಟು ಕಲ್ಲನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ಹೃದಯ ಮಾಡುವವಳು ಅವಳು. ನೀರಿದ್ದಾಗ ಪೈಪಿನ ಕವಲೊಂದು ಚಕ್ರದ ನೆತ್ತಿಯ ಮೇಲೆ ಸಣ್ಣಗೆ ಧಾರೆ ಬಿಡುತ್ತಿತ್ತು. ಉದುರಿದ ಪುಡಿಯೆಲ್ಲ ಹಾಲಿನಂತೆ ಕರಗಿ ಮೋರಿಗೆ ಇಳಿಯುತ್ತಿತ್ತು. ನೀರು ಹೋದ ಮೇಲೆ ಪುಡಿ ಮೋರಿಯ ದಾರಿ ಮರೆತು ಅಕ್ಕನ ಮೂಗಿನ ದಾರಿ ಹಿಡಿಯಿತು. ಒಂದು ವಿಚಾರ ತಿಳಿದುಕೊಳ್ಳಿ. ಕಲ್ಲು ಎಷ್ಟೇ ಗುಲಾಬಿಯಿರಲಿ, ಕೂಸಿನ ಅಂಗಾಲೇ ಇರಲಿ, ಅರೆದರೆ ಬರುವ ಪುಡಿ ಬಿಳಿ. ಗುಲಾಬಿಯೆಲ್ಲ ಕೊಂಡವರಿಗೆ, ಬಿಳಿಯದೆಲ್ಲ ನಮಗೆ. ಸಂಜೆಗೆ ಅಕ್ಕನ ಹುಬ್ಬು, ರೆಪ್ಪೆ, ಕೊರಳ ಕರಿಮಣಿ ಎಲ್ಲ ನರೆತುಹೋಗಿರುತ್ತಿದ್ದವು. ಮಾಸ್ಕ್ ಎಂದು ಅಶ್ವಥ್ ಒಮ್ಮೆ ಕೊಟ್ಟ ಬಟ್ಟೆಯ ತುಂಡು ಮಧ್ಯಾಹ್ನದೊಳಗೆ ಹಪ್ಪಳವಾಗುತ್ತಿತ್ತು. ಮುರಿದರೆ ಲಟಕ್ಕೆನ್ನುತ್ತಿತ್ತು.

ಅವಳ ಕೆಮ್ಮನ್ನು ಕೇಳಿ ಕಾಮಸಮುದ್ರದ ಬಸ್ಸಿನವನು ತನ್ನ ಗೇರು ಮುರಿಯಿತೆಂದು ಗಾಡಿ ನಿಲ್ಲಿಸಿ ಇಳಿದು ನೋಡಿದ್ದಾನೆ. ಉಗುಳಿದ್ದು ಗೋಡೆಗೆ ಬಳಿಯುವ ಸುಣ್ಣದ ಹಾಗೆ ಮಂದವಾಗಿರುತ್ತಿತ್ತು. ಬಿದ್ದಲ್ಲೇ ಗಟ್ಟಿಯಾಗುತ್ತಿತ್ತು. ಕಾಲಲ್ಲಿ ತಿಕ್ಕಿದರೆ ಕರಕರ ಎನ್ನುತ್ತಿತ್ತು. ಎಂಥ ಹೊಲಸಿಗೂ ಬರುವ ಇರುವೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ನಮ್ಮ ತಾತನೂ ಹೀಗೆಯೇ ಕೆಮ್ಮುತ್ತಿದ್ದ. ಉರಿಗಾಂ ಚಿನ್ನದ ಗಣಿಯ ಲೈನು ಮನೆಯಲ್ಲಿದ್ದುಕೊಂಡು ಬಂಗಾರಕ್ಕಾಗಿ ಬೆಣಚುಕಲ್ಲು ಕೊರೆದವನು. ನಮ್ಮ ಕಡೆ ಅದಕ್ಕೆ ಪಲುಗುರಾಯಿ ಅನ್ನುತ್ತಾರೆ. ಬಂಗಾರ ಮೇಲೆ ಬಂದು ಎಲ್ಲೆಲ್ಲಿಗೋ ಹೋಯಿತು, ಪಲುಗುರಾಯಿ ತಾತನ ಎದೆಯಲ್ಲಿ ಉಳಿಯಿತು. ಅವನನ್ನು ಹೊತ್ತ ನಾಲ್ವರು ಗಟ್ಟಿಮುಟ್ಟಾದ ಗಂಡಸರ ಹೆಗಲು ಅಂದಿನಿಂದ ಇಂದಿನವರೆಗೂ ಒಂದು ಕಡೆಗೆ ವಾಲಿಕೊಂಡಿವೆ, ಬೇಕಾದರೆ ಬಂದು ನೋಡಿ. ಈ ಗುಲಾಬಿ ಕಲ್ಲು ಅದೇ ಪಲುಗುರಾಯಿಯ ತಂಗಿ. ಸೀರೆಯ ಬಣ್ಣ ಬೇರೆ, ಕಚ್ಚುವ ಹಲ್ಲು ಒಂದೇ.

ಅಕ್ಕ ಬೇಡುತ್ತಿದ್ದದ್ದು ಮನೆಯಲ್ಲ, ಹೊಲವಲ್ಲ, ಔಷಧಿಯೂ ಅಲ್ಲ. ಚಕ್ರದ ಮೇಲೆ ಬೀಳುವ ಆ ನೀರಿನ ಧಾರೆ.

ನಾನು ಕಲ್ಲು ನೆಕ್ಕಿ ತೋರಿಸಿದ ದಿನವೇ ಬಿಂದುಶ್ರೀ ಮೂಗಿಗೆ ಸೆಂಟಿನ ಬಟ್ಟೆ ಹಿಡಿದುಕೊಂಡು ಶೆಡ್ಡಿನ ಒಳಗೂ ಬಂದಳು. ಹಿಂದೆ ಅಶ್ವಥ್. ಅಕ್ಕ ಚಕ್ರ ನಿಲ್ಲಿಸಿ ಎದ್ದು ನಿಂತಳು.

“ಸಾಮಿ, ಆ ನೀರ್ ಪೈಪು ವಾಪಸ್ ಕೊಡ್ಸಿ. ದೂಳು ತಡ್ಕಣಕ್ಕೆ ಆಗ್ತಿಲ್ಲ.”

“ಯಾವ್ ದೂಳೇ?”

“ಇದೇ ಸಾಮಿ. ನೀವು ನಿಂತಿರಾದೂ ಅದರ ಮ್ಯಾಲೇನೇ.”

ಅಶ್ವಥ್ ಬಗ್ಗಿ ತನ್ನ ಶೂ ನೋಡಿಕೊಂಡ. ಬಿಳಿಯಾಗಿದ್ದವು. ಮುಖ ಕೆಂಪಾಯಿತು.

“ನೀರ್ ಬೇಕಾ ನಿಂಗೆ? ಚಕ್ರದ್ ಮೇಲೆ ಕೂತ್ಕಂಡು ಉಚ್ಚೆ ಉಯ್ಕಳೇ ಲೌಡಿ! ಇವರಪ್ಪ ಬೋರ್ ಕೊರ್ಸಿ ಓಗವ್ನೆ ಇಲ್ಲಿ! ನಮ್ಮಪ್ಪನ್ ಕಾಲ್ದಾಗೆ ನಮ್ ಬಾವಿ ಕಟ್ಟೆ ತುಳ್ಯಕ್ಕೆ ಎದ್ರುತಿದ್ದ ನನ್ಮಕ್ಳು, ಈಗ ಪೈಪು ಕೇಳ್ತಾವೆ.”

“ಅಶ್ವಥ್, ಪ್ಲೀಸ್” ಎಂದು ಬಿಂದುಶ್ರೀ ಕಣ್ಣು ಮುಚ್ಚಿಕೊಂಡಳು. ನನಗೆ ಒಂದು ಕ್ಷಣ ಅವಳ ಮೇಲೆ ಗೌರವ ಬಂತು. “ಇಲ್ಲಿ ಕೆಟ್ಟ ಮಾತಾಡಬೇಡಿ. ಕಲ್ಲುಗಳು ಕೇಳಿಸಿಕೊಳ್ತವೆ.”

ಬಂದ ಗೌರವ ಬಂದ ದಾರಿಯಲ್ಲೇ ಹೋಯಿತು.

ಆಮೇಲೆ ಅವಳು ಅಕ್ಕನ ಹತ್ತಿರ ಬಂದಳು. ಮುಟ್ಟುವಷ್ಟು ಹತ್ತಿರವಲ್ಲ. ಕೈಚೀಲದಿಂದ ಗುಲಾಬಿ ಹೃದಯವೊಂದನ್ನು ತೆಗೆದು ಅಕ್ಕನ ಅಂಗೈಗೆ ಮೇಲಿನಿಂದ ಬಿಟ್ಟಳು, ದೇವಸ್ಥಾನದಲ್ಲಿ ನಮ್ಮ ಕೈಗೆ ತೀರ್ಥ ಹಾಕುತ್ತಾರಲ್ಲ, ಹಾಗೆ.

“ಅಮ್ಮಾ, ರಾತ್ರಿ ಇದನ್ನ ಎದೆ ಮೇಲೆ ಇಟ್ಕೊಂಡು ಮಲ್ಕೊಳ್ಳಿ. ಭೂಮಿತಾಯಿ ಲಕ್ಷಾಂತರ ವರ್ಷ ಪ್ರೀತಿ ಮಾಡಿ ಮಾಡಿ, ಆ ಪ್ರೀತಿ ಹೆಪ್ಪುಗಟ್ಟಿ ಈ ಕಲ್ಲಾಗಿರೋದು. ನಿಮ್ಮೊಳಗೆ ಯಾರ ಮೇಲೋ ಹಳೇ ಕೋಪ ಇದೆ. ಅದೇ ಕೆಮ್ಮಾಗಿ ಬರ್ತಿದೆ.”

“ಕೋಪ ಅಲ್ಲಮ್ಮೋ” ಅಂದಳು ಅಕ್ಕ. “ಪಲುಗುರಾಯಿ.”

ನಾನು ಸುಮ್ಮನಿರುವ ಪೈಕಿಯೇ? “ಮೇಡಂ, ಪ್ರೀತಿಗೀತಿ ಎಲ್ಲ ಅಲ್ಲ. ಭೂಮಿ ಒಟ್ಟೆಯೊಳಗೆ ಬಂಡೆ ಎಲ್ಲಾ ಗಂಜಿ ತರ ಕೊತಕೊತ ಕುದಿತಿತ್ತು. ಅಂಚಿನಾಗೆ ಇದ್ದದ್ದು ಮದ್ಲು ಆರ್ಕಂಡು ಗಟ್ಟಿಯಾಯ್ತು. ಕಡೇಗ್ ಉಳ್ಕಂಡ ತಿಳಿ ಗಂಜಿ ಮದ್ಯದಾಗೆ ಸಿಕ್ಕಾಕ್ಕಂಡು ನಿದಾನಕ್ಕೆ ಎಪ್ಪುಗಟ್ತು. ಅದ್ರಾಗೆ ಅದೇನೋ ಲೋಹದ್ ದೂಳು ಚಿಟಿಕೆಯಷ್ಟು ಸೇರ್ಕಂತು, ಗುಲಾಬಿ ಆಯ್ತು. ಅಷ್ಟೇಯ. ಮಡಕೆ ತಳದಾಗೆ ಉಳ್ಕಂಡಿದ್ದು. ನಮ್ ತಾತ ಕಣ್ಣಾರ ನೋಡವ್ನೆ.”

“ನಿಮ್ಮ ತಾತ ನೋಡಿದ್ರಾ?” ಎಂದಳು ಬಿಂದುಶ್ರೀ.

“ಊ ಮೇಡಂ. ಒಲೆ ಮುಂದೆ ಅವನೇ ಕೂತಿದ್ದಿದ್ದು.”

ಮೀನಾ ಪಕ್ಕಕ್ಕೆ ತಿರುಗಿ ಕಿಸಕ್ಕೆಂದು ನಕ್ಕಳು. ಅಶ್ವಥ್‌ನ ಕೈ ನನ್ನ ಕೆನ್ನೆಯ ಮೇಲೆ ಬಿತ್ತು. ಆ ಏಟಿನ ಸದ್ದಿಗೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಅವನ ಕೈಯಿಂದ ನನ್ನ ಕೆನ್ನೆಗೆ ಬಂದದ್ದು ಬರೀ ನೋವು. ನನ್ನ ಕೆನ್ನೆಯಿಂದ ಅವನ ಕೈಗೆ ಹೋದದ್ದು ಒಂದು ಬೊಗಸೆ ಬಿಳಿ ಪುಡಿ. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಥೂ ಎಂದ.

ಬಿಂದುಶ್ರೀ ಕೊಟ್ಟ ಹೃದಯವನ್ನು ಅಕ್ಕ ಆ ರಾತ್ರಿ ನಿಜವಾಗಿಯೂ ಎದೆಯ ಮೇಲಿಟ್ಟುಕೊಂಡು ಮಲಗಿದಳು. ನಾನು ಬೈದೆ.

“ನೀನೇ ಉಜ್ಜಿದ ಕಲ್ಲು ಕಣಕ್ಕ ಅದು. ತಲೆ ಕೆಟ್ಟದಾ ನಿಂಗೆ?”

“ತಣ್ಣಗಿದೆ ಕಣ್ಲಾ ಸೊಣ್ಣ” ಅಂದಳು. “ಎದೆ ಉರಿತಾ ಇರ್ತದಲ್ಲ, ಆಯಾಗದೆ.”

ಬೆಳಿಗ್ಗೆ ನೋಡಿದರೆ ಕೆಮ್ಮಿನ ಕುಲುಕಾಟಕ್ಕೆ ಹೃದಯ ಉರುಳಿ ಒಲೆಯ ಬೂದಿಯಲ್ಲಿ ಬಿದ್ದಿತ್ತು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಶೆಡ್ಡಿಗೆ ಹೋದರೆ ಪವಾಡ. ಹಸಿರು ಪೈಪು ಬಂದು ಕೂತಿದೆ! ಚಕ್ರದ ನೆತ್ತಿಯ ಮೇಲೆ ಧಾರೆ, ನೆಲವೆಲ್ಲ ತೊಳೆದ ಹಸಿ, ಗೋಡೆಗೆ ಹೊಸ ಮಾಸ್ಕುಗಳ ಸಾಲು. ಬಕೆಟ್ಟಿನ ತುಂಬ ನೀರು. ನಾನು ಒಂದೊಂದು ಕಲ್ಲನ್ನೂ ಮುಳುಗಿಸಿ ಮುಳುಗಿಸಿ ಮದುಮಗನ ಹಾಗೆ ಸ್ನಾನ ಮಾಡಿಸಿದೆ. ಅಕ್ಕ ಧಾರೆಯ ಕೆಳಗೆ ಎರಡೂ ಕೈಯಿಟ್ಟುಕೊಂಡು ಕೂತಳು. ಆಮೇಲೆ ಚಕ್ರ ತಿರುಗಿಸಿದಳು. ಆ ಬೆಳಿಗ್ಗೆ ಒಂದು ಸಲವೂ ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಕಾರ್ಮಿಕ ಇಲಾಖೆಯ ಸಾಹೇಬ ತಪಾಸಣೆಗೆಂದು ಜೀಪಿನಲ್ಲಿ ಬಂದ. ಮಾಸ್ಕ್ ಹಾಕಿಕೊಂಡ ನಮ್ಮನ್ನು ನೋಡಿದ, ನೀರು ನೋಡಿದ, ತಲೆಯಾಡಿಸಿದ. ನಾನು ಮಾಸ್ಕ್ ಕೆಳಗಿಳಿಸಿ ಬಾಯಿ ತೆರೆದೆ.

“ಸಾ, ಈ ನೀರು ಇವತ್ತು...”

“ಮಾಸ್ಕ್ ಹಾಕ್ಕೊಳ್ಳಯ್ಯ ಮೊದ್ಲು” ಎಂದ ಸಾಹೇಬ. “ನಿಮ್ಮ ಒಳ್ಳೇದಕ್ಕೇ ಹೇಳೋದು. ಕೊಟ್ಟರೂ ಹಾಕ್ಕೊಳ್ಳಲ್ಲ, ಆಮೇಲೆ ರೋಗ ಅಂತ ಬಂದು ಅಳ್ತೀರ.”

ಅವನ ಹಿಂದೆ ಅಶ್ವಥ್ ನನ್ನನ್ನೇ ನೋಡುತ್ತ ನಿಂತಿದ್ದ. ಅಕ್ಕ ನೇರವಾಗಿ ಸಾಹೇಬನ ಮುಂದೆ ಬಂದು, “ನಾಳೆ ಬನ್ನಿ ಸಾಮಿ. ಏಳ್ದಲೇ ಕೇಳ್ದಲೇ ಬನ್ನಿ” ಅಂದಳು. ಸಾಹೇಬ ಅವಳ ಮಾತು ತನಗೆ ಅರ್ಥವಾಗದ ಯಾವುದೋ ಭಾಷೆಯದು ಎನ್ನುವ ಹಾಗೆ ಮುಗುಳ್ನಕ್ಕ. ಹೋಗುವಾಗ ಅವನ ತೊಡೆಯ ಮೇಲೊಂದು ಗುಲಾಬಿ ದೀಪವಿತ್ತು, ಮಲಗಿದ ಮಗುವಿನ ಹಾಗೆ. ಅದರ ಕಲ್ಲನ್ನು ನೆಕ್ಕಿದ್ದು ನಾನೇ. ಚೆನ್ನಾಗಿ ನೆನಪಿದೆ, ಉಪ್ಪುಪ್ಪಾಗಿತ್ತು.

ಜೀಪಿನ ಹಿಂದೆ ಎದ್ದ ಮಣ್ಣು ಕೆಳಗೆ ಕೂರುವ ಮೊದಲೇ ಪೈಪನ್ನು ಕಿತ್ತರು. ಅಕ್ಕನ ಚಕ್ರದ ಮೇಲೆ ಕೊನೆಯ ಹನಿಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ಅವಳು ಕೈಯಲ್ಲಿದ್ದ ಕಲ್ಲನ್ನು ಮಡಿಲಿನಲ್ಲಿಟ್ಟುಕೊಂಡು, ಆ ಹನಿಗಳು ನಿಲ್ಲುವವರೆಗೂ ನೋಡಿದಳು. ಮಾಸ್ಕುಗಳನ್ನೂ ಬಿಡಲಿಲ್ಲ, ಗೋಡೆಯಿಂದ ಕಳಚಿಕೊಂಡು ಹೋದರು.

“ಪಾತ್ತಿಯಾಕ್ಕಾ, ನೋಡ್ದ್ಯಾ?” ಮೀನಾ ಹಲ್ಲು ಕಚ್ಚಿದಳು. ಅವಳು ಉರಿಗಾಂನವಳು. ಸಿಟ್ಟು ಬಂದರೆ ತಮಿಳು ಕನ್ನಡ ಎರಡೂ ಒಟ್ಟಿಗೆ ಹೊರಡುತ್ತವೆ. “ತಣ್ಣಿ ಇಲ್ಲ ಅಂತ ಅಲ್ಲ ಅಕ್ಕ. ನೀರಿದೆ. ನಮಗೆ ಕೊಡಬಾರ್ದು ಅಷ್ಟೇ, ಪಾವಿ ನನ್ಮಕ್ಳು.”

ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ಚಕ್ರ ಹಾಕಿದಳು. ಬಿಳಿ ಮೋಡ ಎದ್ದಿತು.

ಪ್ರೇಮಕುಂಡದಲ್ಲಿ ಮೊದಲನೆಯ ‘ಉಸಿರು ಶಿಬಿರ’ ಆ ಭಾನುವಾರ. ಬೆಂಗಳೂರಿನ ಕಾರುಗಳು ಕಾಮಸಮುದ್ರದ ರಸ್ತೆಯಲ್ಲಿ ಸಾಲುಗಟ್ಟಿ, ಅದರ ಬಾಲ ಬಂಗಾರಪೇಟೆ ರೈಲ್ವೆ ಗೇಟನ್ನು ದಾಟಿ ಹೋಗಿತ್ತು ಎಂದರೆ ನೀವು ನಂಬಬೇಕು. ಪಟ್ಟಣದಲ್ಲಿ ಉಸಿರು ಸಿಗದ ಜನ ಉಸಿರಾಡಲು ನಮ್ಮ ಹತ್ತಿರ ಬಂದಿದ್ದರು.

ಅಶ್ವಥ್ ಮುಂಜಾನೆಯೇ ಬಂದು ಶೆಡ್ಡಿನಲ್ಲಿ ನಿಂತ.

“ಇವತ್ತು ಒಂದ್ ಮಿಷಿನ್ನೂ ಆನ್ ಆಗಂಗಿಲ್ಲ. ಯಾವನ್ ಸದ್ದೂ ಕೇಳಂಗಿಲ್ಲ. ಲೇ ಕದ್ರಿ, ನೀನು ಕೆಮ್ಮಿದ್ರೆ ನಾಳೆಯಿಂದ ಈ ಕಡೆ ತಲೆ ಆಕ್ಬೇಡ. ಸೆರಗು ಬಾಯಿಗೆ ತುರುಕ್ಕಂಡು ಕೂತ್ಕ.”

ಅವನ ಮಾತು ಮುಗಿಯುವ ಮೊದಲೇ ಬಿಂದುಶ್ರೀ ಗುಲಾಬಿ ಸೀರೆಯೊಂದನ್ನು ಹಿಡಿದುಕೊಂಡು ಬಂದಳು. ಅವಳಿಗೆ ಹೊಸ ಯೋಚನೆ ಬಂದಿತ್ತು. ಬಂದವರಿಗೆ ಕಲ್ಲಿನ ಹಿಂದಿನ ಕೈ ಕಾಣಬೇಕಂತೆ. ಕೈ ಕಂಡರೆ ಪ್ರೀತಿ ಕಾಣುತ್ತದಂತೆ. ಹಾಗಾಗಿ ಕದಿರಮ್ಮ ಈ ಸೀರೆಯುಟ್ಟು, ಕೊಳದ ಪಕ್ಕ ಕೂತು, ಮೆತ್ತನೆ ಬಟ್ಟೆಯಲ್ಲಿ ಒಂದು ಕಲ್ಲನ್ನು ನಗುನಗುತ್ತ ಉಜ್ಜುತ್ತಿರಬೇಕು.

“ಬಟ್ಟೇಲಾ?” ಅಕ್ಕ ಕೇಳಿದಳು. “ಬಟ್ಟೇಲಿ ಉಜ್ಜುದ್ರೆ ಈ ಕಲ್ಲು ಜಗ್ಗಲ್ಲಮ್ಮ. ಕಬ್ಬಿಣದ್ ಚೂರಿ ಎಳುದ್ರೆ ಚೂರಿನೇ ಸವಿತದೆ.”

“ಸುಮ್ನೆ ಹಾಗೆ ಮಾಡಿದ್ರೆ ಸಾಕಮ್ಮ. ಬಾಯಿ ಮಾತ್ರ ತೆಗೀಬೇಡಿ.”

ಅಕ್ಕ ಸೀರೆ ಉಟ್ಟಳು. ಗುಲಾಬಿ ಸೀರೆಯೊಳಗೆ ಅವಳ ಮೂಳೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು. ಅವರಿಬ್ಬರೂ ಹೋದ ಮೇಲೆ ನನ್ನನ್ನು ಕರೆದಳು.

“ಸೊಣ್ಣ, ಚಕ್ರ ಬಿಚ್ಚು.”

“ಯಾಕಕ್ಕ?”

“ನನ್ ಕೆಲ್ಸ ತೋರ್ಸಬೇಕಂತಲ್ಲ. ಬಟ್ಟೇಲಿ ಉಜ್ಜಾದು ನನ್ ಕೆಲ್ಸ ಅಲ್ಲ.”

ಚಕ್ರ, ಮೋಟಾರು, ಕಬ್ಬಿಣದ ಕಾಲುಮಣೆ ಸೇರಿ ಎರಡು ಎಮ್ಮೆಯ ತೂಕ. ನಾನೊಬ್ಬನೇ ಎಡಗೈಯಲ್ಲಿ ಎತ್ತಿಕೊಂಡು ಹೋದೆ. ಮೀನಾ ತಾನೂ ಒಂದು ಕಡೆ ಹಿಡಿದಿದ್ದೆ ಅನ್ನುತ್ತಾಳೆ, ಹಿಡಿದಿರಬಹುದು. ಗಾಜಿನ ಹಾಲ್‌ನ ಹಿಂಬಾಗಿಲಿನಿಂದ ಒಳಗೆ ನುಗ್ಗಿದೆವು. ತಡೆಯಲು ಯಾರೂ ಇರಲಿಲ್ಲ. ಅಶ್ವಥ್ ಹೊರಗೆ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಒಳಗೆ ಜನರೆಲ್ಲ ಮೆತ್ತೆಗಳ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಎಲ್ಲರ ಎದೆಯ ಮೇಲೂ ಒಂದೊಂದು ಗುಲಾಬಿ ಹೃದಯ, ಏರುವುದು, ಇಳಿಯುವುದು. ಕೆಲವು ಹೆಂಗಸರು ಮಲಗಿದಲ್ಲೇ ಕೆನ್ನೆಗೆ ಉರುಳೆ ಆಡಿಸುತ್ತಿದ್ದರು. ಏಸಿಯ ತಂಪು ಹೋಗದಂತೆ ಗಾಜಿನ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಹಾಕಿದ್ದರು. ಹಸಿರು ಪೈಪು ಕಲ್ಲಿನ ಗೋಮುಖದ ಹಿಂದಿನಿಂದ ಕೊಳಕ್ಕೆ ನೀರು ಸುರಿಯುತ್ತಿತ್ತು. ಅಷ್ಟು ನೀರು! ಸುಮ್ಮನೆ ಬೀಳುವುದು, ಸುಮ್ಮನೆ ಹರಿದು ಹೋಗುವುದು.

ಬಿಂದುಶ್ರೀ ಕೂಡ ಕಣ್ಣು ಮುಚ್ಚಿಕೊಂಡು ಮೈಕಿನಲ್ಲಿ ಹೇಳುತ್ತಿದ್ದಳು.

“ಉಸಿರು ಒಳಗೆ... ಆಳವಾಗಿ... ಕಲ್ಲಿನೊಳಗಿನ ಪ್ರೀತಿ ನಿಮ್ಮ ಶ್ವಾಸಕೋಶದ ಮೂಲೆ ಮೂಲೆಗೆ ಇಳೀತಿದೆ...”

ಮೀನಾ ವೀಣೆಯ ಹಾಡು ಬರುತ್ತಿದ್ದ ಪೆಟ್ಟಿಗೆಯ ಪ್ಲಗ್ ಕಿತ್ತು ಚಕ್ರದ ಪ್ಲಗ್ ಚುಚ್ಚಿದಳು. ಅಕ್ಕ ಸೀರೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತು, ಒರಟು ಕಲ್ಲೊಂದನ್ನು ಚಕ್ರಕ್ಕೆ ಒತ್ತಿದಳು.

ಆ ಸದ್ದಿಗೆ ಕೆಲವರು ಕಣ್ಣು ಬಿಡುವುದಿರಲಿ, ಮುಗುಳ್ನಕ್ಕರು. ಅದೂ ಚಿಕಿತ್ಸೆಯ ಭಾಗ ಅಂದುಕೊಂಡರೋ ಏನೋ. ಬಿಂದುಶ್ರೀ ಕೂಡ ದನಿ ಏರಿಸಿ, “ಇನ್ನೂ ಆಳವಾಗಿ...” ಅಂದಳು. ಅವರು ಇನ್ನೂ ಆಳವಾಗಿ ಎಳೆದುಕೊಂಡರು. ಕಲ್ಲು ಅವರ ಶ್ವಾಸಕೋಶದ ಮೂಲೆ ಮೂಲೆಗೆ ಇಳಿಯಿತು. ಮೇಡಮ್ಮು ಇಲ್ಲಿಗೆ ಬಂದಮೇಲೆ ಆಡಿದ ಒಂದೇ ಒಂದು ನಿಜ ಅದು.

ಮೊದಲು ಕೆಮ್ಮಿದವನು ಬಾಗಿಲ ಹತ್ತಿರ ಮಲಗಿದ್ದ ದಪ್ಪ ಮನುಷ್ಯ. ಎದೆಯ ಮೇಲಿನ ಹೃದಯ ಟಣ್ಣೆಂದು ಹಾರಿ ನೆಲಕ್ಕೆ ಬಿತ್ತು. ಆಮೇಲೆ ಅವನ ಪಕ್ಕದವಳು, ಆಮೇಲೆ ಆ ಸಾಲು, ಆಮೇಲೆ ಇಡೀ ಹಾಲ್. ಬಿಳಿ ಮೋಡ ಏಸಿಯ ಗಾಳಿಯ ಮೇಲೇರಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಮೈ ಹುಬ್ಬು ಮೀಸೆ ಎಲ್ಲ ಬಿಳಿಯಾಗಿ, ಕಣ್ಣು ಮೂಗು ಸುರಿಸುತ್ತ, ಬಾಗಿಲು ಹುಡುಕುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಹೆಂಗಸು ಕೆಮ್ಮುತ್ತಲೇ ಉರುಳೆಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡಿದ್ದಳು, ಅದೇ ತನ್ನನ್ನು ಕಾಪಾಡುತ್ತದೆ ಅನ್ನುವ ಹಾಗೆ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಅಮ್ಮಾವ್ರೇ, ಅದು ನಾನು ನೆಕ್ಕಿದ್ ಕಲ್ಲು.”

“ಏನು?”

“ನೆಕ್ಕಿದ್ದು. ಈ ನಾಲಿಗೇಲಿ.” ಚಾಚಿ ತೋರಿಸಿದೆ. “ಅದೊಂದೇ ಅಲ್ಲ, ಎಲ್ಲಾನೂವೆ.”

ದೂಳಿಗೆ ಬರೀ ಕೆಮ್ಮಿದ್ದವಳು ಎಂಜಲಿಗೆ ವಾಂತಿ ಮಾಡಿಕೊಂಡಳು. ಪ್ರೇಮಕುಂಡದ ಅಂಚಿನಲ್ಲೇ.

ಬಾಗಿಲು ಒದ್ದುಕೊಂಡು ಅಶ್ವಥ್ ನುಗ್ಗಿದ. ಮೋಡದೊಳಗೆ ಕೈ ಬೀಸುತ್ತ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕಿರುಚಿದ.

“ಯಾವಳೇ ಅವಳು! ನೀರಿಲ್ದಲೇ ಯಾಕೆ ತಿರುಗಿಸ್ತಾ ಇದೀಯೇ ಮುಂಡೆ! ನೀರ್ ಆಕ್ರೋ! ಯಾರಾದ್ರೂ ಚಕ್ರಕ್ಕೆ ನೀರ್ ಬಿಡ್ರೋ! ಜನ ಸತ್ತೋಗ್ತಾರೆ!”

ಅಕ್ಕ ಕಲ್ಲನ್ನು ಚಕ್ರದಿಂದ ಎತ್ತಿದಳು. ಚಕ್ರ ಬರಿದೆ ತಿರುಗುತ್ತಿತ್ತು.

“ಕೇಳುಸ್ತಾ ಸೊಣ್ಣ?” ಅಂದಳು. “ನೀರಿಲ್ದಿದ್ರೆ ಜನ ಸತ್ತೋಗ್ತಾರಂತೆ.”

ಅಶ್ವಥ್ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡದ್ದು ದೂಳಿಗೋ ಮಾತಿಗೋ ಅವನಿಗೇ ಗೊತ್ತು.

ನಾನು ಗೋಮುಖದ ಹಿಂದೆ ಕೈ ಹಾಕಿ ಹಸಿರು ಪೈಪನ್ನು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಗೋಮುಖ ಕಿತ್ತು ಕೊಳಕ್ಕೆ ಬಿತ್ತು, ಪೈಪು ಹಾವಿನಂತೆ ನನ್ನ ಕೈಗೆ ಬಂತು. ತಂದು ಚಕ್ರದ ನೆತ್ತಿಯ ಮೇಲೆ ಹಿಡಿದೆ. ಅಕ್ಕ ಮತ್ತೆ ಕಲ್ಲೊತ್ತಿದಳು. ಮೋಡ ಏಳಲಿಲ್ಲ. ಬಿಳಿ ಹಾಲು ಚಕ್ರದಿಂದ ಇಳಿದು, ಅಮೃತಶಿಲೆಯ ನೆಲದ ಮೇಲೆ ಹರಿದು, ಮೆತ್ತೆಗಳನ್ನು ನೆನೆಸಿ, ಅಶ್ವಥ್‌ನ ಶೂಗಳನ್ನು ಸುತ್ತಿಕೊಂಡು ಬಾಗಿಲ ಕಡೆಗೆ ಹೊರಟಿತು. ಬಿಂದುಶ್ರೀ ಸೀರೆ ಎತ್ತಿಕೊಂಡು ಕುಣಿಯುತ್ತ ಹೊರಗೆ ಓಡಿದಳು. ಮೈಕು ಇನ್ನೂ ಅವಳ ಕೊರಳಲ್ಲೇ ಇತ್ತು. ಅವಳ ಕೆಮ್ಮು ಹಾಲ್‌ನ ನಾಲ್ಕೂ ಮೂಲೆಯಿಂದ ಕೇಳಿಸಿತು.

ಅಶ್ವಥ್ ಪ್ಲಗ್ಗಿನ ಕಡೆಗೆ ನುಗ್ಗಿದ. ಅಲ್ಲಿ ಮೀನಾ ನಿಂತಿದ್ದಳು.

“ತೊಟ್ಟುಪ್ ಪಾರು” ಅಂದಳು. ಮುಟ್ಟಿ ನೋಡು ಎಂಬ ಆ ಎರಡು ಮಾತು ಅಶ್ವಥ್‌ಗೂ ಅರ್ಥವಾಯಿತು. ಗಾಜಿನ ಆಚೆ ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಮೂಗು ಒರೆಸಿಕೊಳ್ಳುತ್ತ, ಫೋನು ಎತ್ತಿ ಹಿಡಿದು ನಿಂತಿದ್ದರು. ಅವನು ಆ ಫೋನುಗಳನ್ನು ನೋಡಿದ, ಎತ್ತಿದ ಕೈಯನ್ನು ತನ್ನ ತಲೆಗೂದಲಿಗೆ ಒಯ್ದು ಬಾಚಿಕೊಂಡ. ಆಮೇಲೆ ಅದೇ ಕೈಯಿಂದ ತನ್ನ ಫೋನು ತೆಗೆದು ಪೊಲೀಸರಿಗೆ ಹೇಳತೊಡಗಿದ, “ಕಾಲೋನಿ ಜನ ಸಾರ್, ನುಗ್ಗಿಬಿಟ್ಟವ್ರೆ, ಕೊಲೆ ಮಾಡಕ್ಕೆ ಬಂದವ್ರೆ...”

ಅಕ್ಕ ನೀರು ಸುರಿಯುತ್ತಿದ್ದ ಕಲ್ಲನ್ನು ಎತ್ತಿ ಅವನ ಮುಖದ ಹತ್ತಿರ ಹಿಡಿದಳು. ಒದ್ದೆ ಕಲ್ಲು ಒಳಗಿನಿಂದ ದೀಪ ಹಚ್ಚಿದ ಹಾಗೆ ಕೆಂಪಡರಿತ್ತು.

“ನೋಡು. ನೀರ್ ಬಿದ್ರೆ ಬಣ್ಣ ತಾನಾಗೇ ಕಾಣ್ತದೆ. ನನ್ ತಮ್ಮನ್ ನಾಲಿಗೆ ಬೇಕಾಗಿಲ್ಲ.”

ಅಕ್ಕ ಆ ಕಲ್ಲನ್ನು ಉಜ್ಜಿ ಮುಗಿಸುವ ಹೊತ್ತಿಗೆ ರಸ್ತೆಯ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಕೇಳಿಸಿತು. ಅವಳು ಚಕ್ರದ ಪಕ್ಕ ಬಿದ್ದಿದ್ದ ಇನ್ನೊಂದು ಕಲ್ಲಿಗೆ ಕೈ ಚಾಚಿದಳು. ಅರ್ಧಕ್ಕೇ ಕೆಮ್ಮು ಬಂತು. ನೀರಿದ್ದರೂ ಬಂತು. ಬಗ್ಗಿ, ಬಗ್ಗಿ, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಕೆಮ್ಮಿದಳು. ಆಮೇಲೆ ನೆಲದ ಮೇಲಿನ ಆ ಬಿಳಿ ಹಾಲಿಗೆ ಉಗುಳಿದಳು.

ಅವಳ ಉಗುಳು ಯಾವತ್ತೂ ಸುಣ್ಣದ ಬಿಳಿ. ಆ ದಿನ ಬಿಳಿಯಾಗಿರಲಿಲ್ಲ. ಹಾಲಿನ ಮೇಲೆ ಬಿದ್ದು ಮೆಲ್ಲಗೆ ಅಗಲವಾಯಿತು. ಈರುಳ್ಳಿ ಸಿಪ್ಪೆಯಲ್ಲ. ಸೀಬೆಹಣ್ಣಿನ ಹೋಳೂ ಅಲ್ಲ. ಕೂಸಿನ ಅಂಗಾಲು.

ಅಕ್ಕನಿಗೆ ಕಾಣದಿರಲಿ ಎಂದು ನಾನು ಪೈಪನ್ನು ಆ ಉಗುಳಿನ ಕಡೆಗೆ ತಿರುಗಿಸಿದೆ.

“ಚಕ್ರದ್ ಮ್ಯಾಲಿಡ್ಲಾ” ಅಂದಳು ಅಕ್ಕ, ಬಾಯಿ ಒರೆಸಿಕೊಂಡು.